ಮೋಡದ ದಿನದ ಕರೆಂಟು

ಶೇಂದ್ರಾ, ಛತ್ರಪತಿ ಸಂಭಾಜಿನಗರ
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ಅಶ್ವಿ,

ನನ್ನ ಅಕ್ಷರದ ಲಕೋಟೆ ನೋಡಿ ಮೊದಲು ನೀನು ನಗುತ್ತೀ. ದಿನಾ ಫೋನ್ ಮಾಡುವವಳಿಗೆ ಇದೇನು ಹೊಸ ಹುಚ್ಚು ಎಂದು ನಿನ್ನ ಅವ್ವ, ನಮ್ಮ ಚನಬಸವ್ವ ಕಾಕುಗೆ ತೋರಿಸಲು ಎದ್ದು ಹೋಗುತ್ತೀ. ಹೋಗಬೇಡ. ಮೊದಲು ಒಬ್ಬಳೇ ಕೂತು ಓದು. ಆಮೇಲೆ ನಿನ್ನ ಅವ್ವನಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಫೋನಿನಲ್ಲೇ ಹೇಳಬೇಕೆಂದು ಈ ವಾರ ಮೂರು ಸಲ ನೋಡಿದೆ. ನೀನು ‘ಹಲೋ ಸುಮಿ’ ಅಂದ ಕೂಡಲೇ ನನ್ನ ಬಾಯಲ್ಲಿ ಬೇರೆ ಮಾತೇ ಬರುತ್ತದೆ. ಊಟ ಆಯಿತೇ, ಸೊಂಟದ ನೋವು ಹೇಗಿದೆ, ಅಲ್ಲಿ ಚಳಿ ಎಷ್ಟು. ಮರಾಠಿಯಲ್ಲಿ ಬರೆದಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ, ಶಾಲೆ ಕಲಿತದ್ದು ಅದರಲ್ಲೇ ತಾನೆ. ಆದರೆ ನಮ್ಮಿಬ್ಬರಿಗೂ ಕನ್ನಡ ಅಕ್ಷರ ತಿದ್ದಿಸಿದವಳು ನಿನ್ನ ಅವ್ವ. ಕೆಲಸ ಮುಗಿಸಿ ಬಂದು, ಕೈಯ ಸಿಮೆಂಟು ತೊಳೆಯುವ ಮೊದಲೇ, ಶೆಡ್ಡಿನ ತಗಡಿನ ಗೋಡೆಯ ಮೇಲೆ ಬಡಗಿಯ ಪೆನ್ಸಿಲಿನಿಂದ ಅ ಆ ಬರೆದು ತೋರಿಸುತ್ತಿದ್ದಳು. ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲಿಕ್ಕಾದರೂ ಬರಬೇಕು ಅನ್ನುತ್ತಿದ್ದಳು. ನಿನಗೆ ಬರೆಯುವ ಮಾತಿಗೆ ಬೇರೆ ಭಾಷೆ ಹಿಡಿಯಲು ಮನಸ್ಸು ಒಪ್ಪಲಿಲ್ಲ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ಹೋದ ಭಾನುವಾರ ನೀನು ಕಳಿಸಿದ ವಾಯ್ಸ್ ಮೆಸೇಜಿನಿಂದ ಇದೆಲ್ಲ ಶುರುವಾಯಿತು. ನಮಗೆ ಸೋಲಾರ್ ಕೆಲಸ ಕಲಿಸಿದ ಹರಿದಾಸ ಸರ್ ನಿನಗೆ ಫೋನ್ ಮಾಡಿದ್ದರಂತೆ. ಈ ಸಲ ತರಬೇತಿಗೆ ಇಪ್ಪತ್ತೆರಡು ಹುಡುಗಿಯರು ಸೇರಿದ್ದಾರಂತೆ. ಫೆಬ್ರವರಿ ಮೊದಲ ಶನಿವಾರ ನೀನು ಬಂದು ಅವರೊಡನೆ ಒಂದು ಗಂಟೆ ಮಾತಾಡಬೇಕಂತೆ. ನೀನು ಒಪ್ಪಿದೆಯಂತೆ. ‘ನನ್ನ ತಪ್ಪಿನಿಂದ ಅವರು ಕಲೀಲಿ, ಸುಮಿ. ನೀನೂ ಬಂದು ಮುಂದಿನ ಸಾಲಿನಾಗ ಕೂಡು. ನೀ ಇದ್ರ ನನಗ ಧೈರ್ಯ’ ಎಂದು ಹೇಳಿದ್ದೀ. ಆ ಮೆಸೇಜನ್ನು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೇಳಿದೆ. ತಟ್ಟೆ ಹಾಗೇ ಬಿಟ್ಟು ಎದ್ದು ಬಂದೆ.

ನೀನು ಆ ಹುಡುಗಿಯರ ಮುಂದೆ ಹೇಳಬೇಕೆಂದಿರುವ ಆ ತಪ್ಪು ನಿನ್ನದಲ್ಲ, ಅಶ್ವಿ. ನನ್ನದು.

ಒಂದೇ ಸಾಲಿನಲ್ಲಿ ಮುಗಿಯಿತು ನೋಡು. ಎರಡೂವರೆ ವರ್ಷದಿಂದ ಈ ಸಾಲನ್ನು ಹೇಳದೆ ಇಟ್ಟುಕೊಂಡಿದ್ದೆ. ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಆ ದಿನದ ನೆನಪಿಲ್ಲ, ಆದ್ದರಿಂದ ಎಲ್ಲವನ್ನೂ ನಾನೇ ಹೇಳಬೇಕು.

ಹರಿದಾಸ ಸರ್ ಕ್ಲಾಸಿನಲ್ಲಿ ಸೋಲಾರ್ ಪ್ಯಾನಲ್ಲಿನ ಚಿತ್ರ ಬರೆದು ಪಾಠ ಮಾಡಿದ ದಿನ ನೆನಪಿದೆಯೇ? ನನಗೆ ಒಂದಕ್ಷರ ತಲೆಗೆ ಹೋಗಿರಲಿಲ್ಲ. ಬಿಸಿಲಿಗೆ ಪ್ಯಾನಲ್ ಕಾಯುತ್ತದೆ, ಕಾದದ್ದರಿಂದ ಕರೆಂಟು ಬರುತ್ತದೆ ಎಂದೇ ತಿಳಿದಿದ್ದೆ. ಸಂಜೆ ಶೇರ್ ಆಟೋದಲ್ಲಿ ನೀನು ನಕ್ಕುಬಿಟ್ಟೆ. ಕಾವಲ್ಲ, ಬೆಳಕು ಅಂದೆ. ಕಾವು ಹೆಚ್ಚಾದರೆ ಪ್ಯಾನಲ್ಲು ಸೋಲುತ್ತದೆ, ಏಪ್ರಿಲ್ ಮಧ್ಯಾಹ್ನಕ್ಕಿಂತ ಡಿಸೆಂಬರಿನ ತಣ್ಣನೆಯ ನಿಚ್ಚಳ ಬಿಸಿಲಿಗೆ ಅದು ಚುರುಕು ಅಂದೆ. ಆಮೇಲೆ ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದು ತಿಳಿಸಿ ಹೇಳಿದೆ. ಒಂದೊಂದು ನೀಲಿ ಬಿಲ್ಲೆಯೂ ಸಿಲಿಕಾನಿನದು. ಅದರಲ್ಲಿ ಎರಡು ಪದರ. ಒಂದರಲ್ಲಿ ಎಲೆಕ್ಟ್ರಾನುಗಳು ಕೊಂಚ ಹೆಚ್ಚು, ಇನ್ನೊಂದರಲ್ಲಿ ಅವು ಕೂಡಬೇಕಾದ ಜಾಗಗಳು ಖಾಲಿ. ಬೆಳಕು ಬಂದು ಬಡಿದರೆ ಕೂತಿದ್ದ ಎಲೆಕ್ಟ್ರಾನು ಎದ್ದು ನಿಲ್ಲುತ್ತದೆ. ಎರಡು ಪದರ ಕೂಡುವಲ್ಲಿ ಒಂದೇ ಬದಿಗೆ ತೆರೆಯುವ ಬಾಗಿಲಿನಂಥದ್ದು ಇದೆ. ಎದ್ದದ್ದನ್ನು ಅದು ಒಂದು ಕಡೆಗೆ ತಳ್ಳುತ್ತದೆ, ತಿರುಗಿ ಬರಲು ಬಿಡುವುದಿಲ್ಲ. ಹೊರಗಿನಿಂದ ತಂತಿ ಜೋಡಿಸಿಕೊಟ್ಟರೆ ಸುತ್ತು ಹಾಕಿಕೊಂಡು ಆಚೆಯ ಖಾಲಿ ಜಾಗಕ್ಕೆ ಬಂದು ಕೂಡುತ್ತದೆ. ಆ ಸುತ್ತು ಹಾಕುವ ನಡಿಗೆಯೇ ಕರೆಂಟು. ನಡೆಯುವಾಗ ದಾರಿಯಲ್ಲಿ ದೀಪ ಹೊತ್ತಿಸುತ್ತದೆ, ಫ್ಯಾನು ತಿರುಗಿಸುತ್ತದೆ.

ನನಗೆ ವೋಲ್ಟೇಜು ಮತ್ತು ಕರೆಂಟಿನ ಫರಕು ತಿಳಿಯಲಿಲ್ಲ. ಅದಕ್ಕೆ ನೀನು ನಮ್ಮ ಅವ್ವಂದಿರು ಸ್ಲ್ಯಾಬ್ ಹಾಕುವುದನ್ನು ನೆನಪು ಮಾಡಿಕೊಟ್ಟೆ. ಏಣಿಯ ಮೇಲೆ ಸಾಲಾಗಿ ನಿಂತ ಹೆಂಗಸರು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ನಿಮಿಷಕ್ಕೆ ಎಷ್ಟು ಬುಟ್ಟಿ ಸಾಗುತ್ತದೋ ಅದು ಕರೆಂಟು. ಕಟ್ಟಡ ಎಷ್ಟು ಎತ್ತರವೋ ಅದು ವೋಲ್ಟೇಜು. ಹನ್ನೆರಡು ಪ್ಯಾನಲ್ ಸಾಲಾಗಿ ಜೋಡಿಸಿದರೆ ಹನ್ನೆರಡು ಅಂತಸ್ತು. ಕೊನೆಗೆ ಇನ್ನೊಂದು ಮಾತು ಹೇಳಿದೆ: ‘ಮ್ವಾಡ ಬಂತಂದ್ರ ಬುಟ್ಟಿ ಕಡಿಮಿ ಆಗ್ತಾವ, ಕಟ್ಟಡ ಗಿಡ್ಡ ಆಗೂದಿಲ್ಲ.’ ಆ ಮಾತನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದೆ. ಕೆಲಸದಲ್ಲಿ ಮರೆಯಲಿಲ್ಲ, ಅಲಕ್ಷ್ಯ ಮಾಡಿದೆ. ಎರಡಕ್ಕೂ ವ್ಯತ್ಯಾಸವಿದೆ.

ಪ್ಯಾನಲ್ ಕೂರಿಸುವ ಕಂಪನಿ ಸೇರಿದ ಮೇಲೆ ಮೊದಲ ಕೆಲಸಕ್ಕೆ ಪೈಠಣಕ್ಕೆ ಹೋದೆವು, ಸೀರೆ ನೇಯುವವರ ಮನೆಗೆ. ಆ ಮನೆಯ ಅಜ್ಜಿ, ಈ ಪೆಟ್ಟಿಗೆ ಬಿಸಿಲನ್ನೆಲ್ಲ ಕುಡಿದುಬಿಟ್ಟರೆ ನನ್ನ ಹಪ್ಪಳ ಹೇಗೆ ಒಣಗಬೇಕು ಎಂದು ಜಗಳಕ್ಕೆ ನಿಂತಳು. ನಾನು ನಕ್ಕೆ. ನೀನು ನಗಲಿಲ್ಲ. ಅಜ್ಜಿಯನ್ನು ಮಾಳಿಗೆಗೆ ಹತ್ತಿಸಿ, ನೆರಳು ಎಲ್ಲಿ ಬೀಳುತ್ತದೆ ಎಂದು ತೋರಿಸಿ, ಹಪ್ಪಳಕ್ಕೆ ಜಾಗ ಬಿಟ್ಟು ಪ್ಯಾನಲ್ ಕೂರಿಸಿದೆ. ನೀನು ಅಂಥವಳು. ಕೈಗವಸು, ಮೀಟರ್, ಒಂದನ್ನೂ ಬಿಟ್ಟವಳಲ್ಲ. ಅವಸರದವಳು ನಾನು. ಇದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮಿಬ್ಬರಲ್ಲಿ ಒಬ್ಬಳನ್ನು ಸೂಪರ್‌ವೈಸರ್ ಮಾಡುತ್ತಾರೆಂದು ಮಾತು ಬಂದಾಗ ಅದು ನೀನೇ ಎಂದು ನಾನೂ ತಿಳಿದಿದ್ದೆ. ಹೊಟ್ಟೆಕಿಚ್ಚು ಪಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಪಟ್ಟಿದ್ದೆ.

೨೦೨೩ರ ಆಗಸ್ಟಿನಲ್ಲಿ ನಾಸಿಕ್ ರೋಡಿನ ಭುಜಂಗ ಶೆಟ್ಟರ ಹೋಟೆಲಿನಿಂದ ದೂರು ಬಂತು. ಪ್ಯಾನಲ್ಲಿನಿಂದ ಕರೆಂಟು ನಿಂತು ನಿಂತು ಬರುತ್ತಿದೆ ಎಂದು. ನಸುಕಿನ ಬಸ್ಸು ಹಿಡಿದು ಹೋದೆವು. ಯೇವಲಾದಲ್ಲಿ ಇಳಿದು ಚಹಾ ಕುಡಿದೆವು. ನಿನ್ನ ನೆನಪು ಅಲ್ಲಿಗೆ ನಿಲ್ಲುತ್ತದೆ, ಅಲ್ಲವೇ? ನನ್ನದು ಅಲ್ಲಿಂದ ಶುರುವಾಗುತ್ತದೆ.

ಮಳೆ ಆಗತಾನೇ ನಿಂತಿತ್ತು. ಆಕಾಶದ ತುಂಬ ಬೂದಿ ಬಣ್ಣದ ಮೋಡ. ತಾರಸಿಯ ಅಂಚಿನ ಗಿಡ್ಡ ಗೋಡೆಯ ಉದ್ದಕ್ಕೂ ಪ್ಯಾನಲ್ಲಿನ ತಂತಿ ಕೆಳಗಿನ ಇನ್ವರ್ಟರಿಗೆ ಇಳಿಯುತ್ತದೆ. ಅದರ ಪೈಪು ಒಡೆದು, ಒಳಗಿನ ಕೆಂಪು ಕಪ್ಪು ಎರಡೂ ತಂತಿಗಳ ಹೊದಿಕೆಯನ್ನು ಇಲಿ ಕಡಿದಿತ್ತು. ಅದನ್ನು ಕಂಡುಹಿಡಿದವಳು ನೀನೇ. ಸದ್ಯಕ್ಕೆ ಟೇಪು ಸುತ್ತೋಣ, ನಾಳೆ ತಂತಿ ಬದಲಿಸೋಣ ಎಂದು ಮಾತಾಯಿತು. ನೀನು ಪೈಪು ಬಿಡಿಸುತ್ತ ಅಲ್ಲೇ ಕೂತೆ. ಬಂದ್ ಮಾಡುವ ಕೆಲಸ ನನ್ನದು.

ಬಂದ್ ಮಾಡುವುದೆಂದರೆ ಮೂರು ಕೆಲಸ. ಕೆಳಗೆ ಹೋಗಿ ಹೋಟೆಲಿನ ಮೇನು ಮತ್ತು ಇನ್ವರ್ಟರು ಆರಿಸಬೇಕು. ಮೇಲೆ ಬಂದು ಪ್ಯಾನಲ್ಲುಗಳ ಹತ್ತಿರದ ಪೆಟ್ಟಿಗೆಯಲ್ಲಿರುವ ಸ್ವಿಚ್ಚು ಇಳಿಸಬೇಕು. ಆಮೇಲೆ ಮೀಟರ್ ಹಚ್ಚಿ ತಂತಿ ಸತ್ತಿದೆಯೇ ನೋಡಬೇಕು. ಮೇನು ಆರಿಸಿದರೆ ಸರ್ಕಾರದ ಕರೆಂಟು ನಿಲ್ಲುತ್ತದೆ, ಸೂರ್ಯನದು ನಿಲ್ಲುವುದಿಲ್ಲ. ಬೆಳಕು ಇರುವ ತನಕ ಪ್ಯಾನಲ್ಲು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಆ ಪೆಟ್ಟಿಗೆಯ ಸ್ವಿಚ್ಚು ಇಳಿಸಿದರೆ ಮಾತ್ರ ಅದು ನಿನ್ನ ಕೈಯಲ್ಲಿದ್ದ ತಂತಿಗೆ ಬರದೆ ಅಲ್ಲೇ ನಿಲ್ಲುತ್ತದೆ.

ನಾನು ಮೊದಲನೆಯದನ್ನು ಮಾಡಿದೆ. ಅಡಿಗೆಮನೆಯ ಗ್ರೈಂಡರು ನಿಂತಿತು. ಮಧ್ಯಾಹ್ನದ ಊಟದ ಹೊತ್ತು ಹತ್ತಿರ ಬಂದಿತ್ತು. ಭುಜಂಗ ಶೆಟ್ಟರು ಹೊರಗೆ ಬಂದು, ಬೇಗ ಮಾಡಿ ಮಾರಾಯ್ತಿ, ಚಟ್ನಿ ಇನ್ನೂ ರುಬ್ಬಲಿಕ್ಕೆ ಉಂಟು ಅಂದರು. ಗದರಿಸಲಿಲ್ಲ, ಹಾಗೇ ಅಂದರು. ಮೇಲೆ ಬಂದೆ. ಪೆಟ್ಟಿಗೆ ತಾರಸಿಯ ಆಚೆ ತುದಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ ಇತ್ತು. ಹೋಗಬೇಕೆಂದರೆ ಪಾಚಿಯ ಮೇಲೆ ಪ್ಯಾನಲ್ಲುಗಳ ಕೆಳಗೆ ಬಗ್ಗಿ ನುಸುಳಬೇಕು. ನಾನು ಮೋಡ ನೋಡಿದೆ. ಈ ಮಬ್ಬಿನಲ್ಲಿ ಏನು ಮಹಾ ಬರುತ್ತದೆ ಅಂದುಕೊಂಡೆ. ಎರಡು ನಿಮಿಷದ ಟೇಪಿನ ಕೆಲಸ. ಅಷ್ಟೇ, ಅಶ್ವಿ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ಹೋಗಲು ಬೇಸರವಾಯಿತು, ಹೋಗಲಿಲ್ಲ.

ನೀನು ತಲೆ ಎತ್ತಿ ಕೇಳಿದೆ, ‘ಎಲ್ಲಾ ಇಳಿಸಿದೇನ?’

‘ಹೂಂ, ಇಳಿಸೇನಿ.’

‘ಮೀಟರ್ ಹಚ್ಚಿ ನೋಡಿದೇನ?’

‘ನೋಡೇನಿ. ಲಗೂ ಸುತ್ತು’ ಅಂದೆ.

ಮೀಟರ್ ನನ್ನ ಚೀಲದಲ್ಲೇ ಇತ್ತು. ನೀನು ನಂಬಿದೆ. ದಪ್ಪ ಕೈಗವಸಿನಲ್ಲಿ ಟೇಪು ಸುತ್ತಲು ಬರುವುದಿಲ್ಲವೆಂದು ಬಲಗೈಯದನ್ನು ತೆಗೆದಿಟ್ಟೆ. ಸತ್ತ ತಂತಿ ಎಂದು ತಿಳಿದು ಎರಡನ್ನೂ ಬಿಡಿಸಿ ಹಿಡಿದೆ. ನೀಲಿ ಬೆಂಕಿ ಎದ್ದಿತು. ಬಟ್ಟೆ ಹರಿದಂತೆ ಒಂದು ಸದ್ದು. ಗೋಡೆಗೆ ಬೆನ್ನು ಮಾಡಿ ಕೂತಿದ್ದ ನೀನು ಹಿಂದಕ್ಕೆ ಜಿಗಿದೆ. ಗೋಡೆ ನಿನ್ನ ಮೊಣಕಾಲಿನಷ್ಟೂ ಇರಲಿಲ್ಲ. ಅಡಿಗೆಮನೆಯ ತಗಡಿನ ಮೇಲೆ ಬಿದ್ದು, ಅಲ್ಲಿಂದ ಹಿತ್ತಿಲ ಕಲ್ಲುಹಾಸಿನ ಮೇಲೆ ಬಿದ್ದೆ. ಭುಜಂಗ ಶೆಟ್ಟರ ಹೆಂಡತಿ ಜಲಜಾಕ್ಷಮ್ಮ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಬಂದೆ. ಆಸ್ಪತ್ರೆಗೆ ನಿನ್ನೊಡನೆ ಬಂದವಳು ನಾನೇ.

ಸಂಜೆಗೆ ಕಂಪನಿಯವರು ಬಂದರು. ಮಾರನೆಯ ದಿನ ಸರ್ಕಾರದ ಇನ್‌ಸ್ಪೆಕ್ಟರು ಬಂದರು. ಏನಾಯಿತು ಎಂದು ಕೇಳಿದರು. ನಾನು ಸ್ವಿಚ್ಚು ಇಳಿಸಲು ಹೋಗಿದ್ದೆ, ಇಳಿಸುವಷ್ಟರಲ್ಲಿ ಅಶ್ವಿನಿ ಕಾಯದೆ ಬರಿಗೈಯಲ್ಲಿ ತಂತಿ ಹಿಡಿದಳು ಎಂದೆ. ಹೋಗಿ ನೋಡಿದರು, ಸ್ವಿಚ್ಚು ಇಳಿದೇ ಇತ್ತು. ಕೈಗವಸು ಗೋಡೆಯ ಮೇಲಿತ್ತು. ನಂಬಿದರು. ಕೆಲಸಗಾರ್ತಿಯ ನಿರ್ಲಕ್ಷ್ಯ ಎಂದು ಬರೆದುಕೊಂಡರು. ಸಾಕ್ಷಿ ಎಂದು ನಾನು ಸಹಿ ಹಾಕಿದೆ.

ಆಗ ನೀನು ಬದುಕುತ್ತೀಯೋ ಇಲ್ಲವೋ ಗೊತ್ತಿರಲಿಲ್ಲ. ನಿನಗೆ ಎಚ್ಚರವಾದ ಕೂಡಲೇ ಸತ್ಯ ಹೊರಬರುತ್ತದೆ, ಅಲ್ಲಿಯ ತನಕ ಮಾತ್ರ ಈ ಸುಳ್ಳು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಎಂಟನೆಯ ದಿನ ನಿನಗೆ ಎಚ್ಚರವಾಯಿತು. ನನ್ನನ್ನು ಗುರುತು ಹಿಡಿದೆ. ಯೇವಲಾದ ಚಹಾದ ತನಕ ನೆನಪಿದೆ, ಮುಂದೆ ಏನಾಯಿತು ಹೇಳು ಅಂದೆ. ಬಲಗೈ ಬಟ್ಟೆಯಲ್ಲಿ ಸುತ್ತಿತ್ತು. ಹೆಬ್ಬೆರಳು, ತೋರುಬೆರಳು ಹೋಗಿವೆಯೆಂದು ನಿನಗಿನ್ನೂ ಹೇಳಿರಲಿಲ್ಲ. ಕಾಕು ಬದಿಯಲ್ಲಿ ನಿಂತಿದ್ದಳು. ಅವತ್ತು ಹೇಳಬಹುದಿತ್ತು. ಆ ಕೋಣೆಯಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನಾನು ಇನ್‌ಸ್ಪೆಕ್ಟರಿಗೆ ಹೇಳಿದ್ದನ್ನೇ ನಿನಗೂ ಹೇಳಿದೆ.

ನೀನು ‘ನಾ ಕಾಯಬೇಕಿತ್ತು’ ಅಂದೆ. ಕಾಕು ನನ್ನ ಎರಡೂ ಕೈ ಹಿಡಿದು, ನೀ ಇದ್ದಿ ಅಂತ ನನ್ನ ಮಗಳು ಉಳಿದಳವ್ವಾ ಎಂದು ಅತ್ತಳು. ಈಗಲೂ ಹಬ್ಬಕ್ಕೆ ನನಗೆಂದು ಶೇಂಗಾ ಹೋಳಿಗೆ ಬಸ್ಸಿನಲ್ಲಿ ಕಳಿಸುತ್ತಾಳೆ. ನಾನು ತಿನ್ನುತ್ತೇನೆ. ತಿಂದು, ಚೆನ್ನಾಗಿತ್ತು ಕಾಕು ಎಂದು ಫೋನು ಮಾಡುತ್ತೇನೆ.

ಮುಂದಿನದು ನಿನಗೆ ಗೊತ್ತು. ಒಂದು ತಿಂಗಳಿಗೆ ನಾನು ಸೂಪರ್‌ವೈಸರ್ ಆದೆ. ಈಗ ಶೇಂದ್ರಾದಲ್ಲಿ ಹೊಸ ಪ್ಯಾನಲ್ಲುಗಳನ್ನು ಪರೀಕ್ಷೆ ಮಾಡುವ ವಿಭಾಗ ನೋಡಿಕೊಳ್ಳುತ್ತೇನೆ. ನಿನ್ನ ಸರ್ಟಿಫಿಕೇಟನ್ನು ಕಂಪನಿ ಮತ್ತೆ ಊರ್ಜಿತ ಮಾಡಲಿಲ್ಲ. ಭುಜಂಗ ಶೆಟ್ಟರು ತಮ್ಮ ತಾರಸಿಯಿಂದ ಬಿದ್ದ ಹುಡುಗಿ ಎಂದು ಹೋಟೆಲಿನಲ್ಲಿ ಪಾರ್ಸೆಲ್ ಆರ್ಡರು ಬರೆದುಕೊಳ್ಳುವ ಕೆಲಸ ಕೊಟ್ಟರು. ನೀನು ಎಡಗೈಯಲ್ಲಿ ಬರೆಯಲು ಕಲಿತೆ. ಕೋಲು ಹಿಡಿದು ನಡೆಯಲು ಕಲಿತೆ. ಇದನ್ನೆಲ್ಲ ನೋಡಿ ನಾನು, ಅಶ್ವಿ ಗಟ್ಟಿ, ಗೆದ್ದುಬಿಟ್ಟಳು, ಇನ್ನು ಹಳೆಯದನ್ನು ಕೆದಕಿ ಏನು ಪ್ರಯೋಜನ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೋದ ವರ್ಷ ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ಆ ಸಮಾಧಾನವೂ ಹೋಯಿತು. ಮಿಕ್ಸರಿನ ಪ್ಲಗ್ಗು ಹಾಕಲು ನೀನು ಕಾಕುವನ್ನು ಕರೆದೆ. ಗ್ಯಾಸು ಬಂದ್ ಆಗಿದೆಯೇ ಎಂದು ಮೂರು ಸಲ ಎದ್ದು ಹೋಗಿ ನೋಡಿದೆ. ಅಪಘಾತವಾದ ಮರುವರ್ಷವೇ ಹರಿದಾಸ ಸರ್ ನಿನ್ನನ್ನು ಕಲಿಸಲು ಕರೆದಿದ್ದರು, ನೀನು ಬೇಡವೆಂದೆ ಎಂಬುದು ಅವತ್ತೇ ನನಗೆ ತಿಳಿದದ್ದು. ಯಾಕೆ ಎಂದು ಕೇಳಿದೆ. ‘ಒಂದು ನಿಮಿಷ ಕಾಯಲಿಕ್ಕೆ ಬರಲಾರದವಳು ಇನ್ನೊಬ್ಬರಿಗೆ ಏನು ಕಲಿಸ್ಲಿ? ನನ್ನ ಮ್ಯಾಲೆ ನನಗ ಭರವಸ ಇಲ್ಲ ಸುಮಿ’ ಅಂದೆ.

ಬೆರಳು ತೆಗೆದದ್ದು ಕರೆಂಟು. ಆ ಭರವಸೆಯನ್ನು ತೆಗೆದವಳು ನಾನು. ಪ್ರತಿ ಸಲ ಎರಡು ಬಾರಿ ಕೇಳಿ, ನೋಡಿ, ಆಮೇಲೆ ಕೈ ಹಾಕುತ್ತಿದ್ದವಳಿಗೆ ನೀನು ಅವಸರಗೇಡಿ ಎಂದು ನಂಬಿಸಿದೆ. ನೀನು ಆ ದಿನವೂ ಕೇಳಿದ್ದೆ, ಅಶ್ವಿ. ಎರಡು ಸಲ ಕೇಳಿದ್ದೆ. ಮಾಡಬೇಕಾದದ್ದನ್ನೆಲ್ಲ ಮಾಡಿದ್ದೆ. ಗೆಳತಿಯ ಮಾತು ನಂಬಿದ್ದು ತಪ್ಪಲ್ಲ.

ಮೊನ್ನೆ ಶುಕ್ರವಾರ ರಜೆ ಹಾಕಿ ಇನ್‌ಸ್ಪೆಕ್ಟರ ಕಚೇರಿಗೆ ಹೋದೆ. ಅಂದು ಬಂದಿದ್ದವರು ವರ್ಗವಾಗಿ ಹೋಗಿದ್ದಾರೆ. ಹೊಸಬರಿಗೆ ಹಳೆಯ ಕಡತ ಹುಡುಕಿಸಿ, ನಡೆದದ್ದನ್ನೆಲ್ಲ ಮರಾಠಿಯಲ್ಲಿ ಬರೆದುಕೊಟ್ಟು ಬಂದೆ. ಒಂದು ಪ್ರತಿ ಕಂಪನಿಗೆ ಕೊಟ್ಟೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದಿದ್ದಾರೆ, ವಿಚಾರಣೆ ಮಾಡುತ್ತಾರಂತೆ. ನಿನಗೆ ಬರೆಯುವ ಮೊದಲೇ ಅಲ್ಲಿ ಕೊಟ್ಟೆ. ನಿನ್ನ ಉತ್ತರ ನೋಡಿ ಕೊಡೋಣ ಎಂದರೆ, ನೀನು ಹೋಗಲಿ ಬಿಡು ಅನ್ನಬಹುದು, ನಾನು ಅದನ್ನೇ ಹಿಡಿದುಕೊಂಡು ಬಿಟ್ಟುಬಿಡಬಹುದು ಎಂಬ ಹೆದರಿಕೆಯಿತ್ತು. ನನ್ನನ್ನು ನಾನು ಚೆನ್ನಾಗಿ ಬಲ್ಲೆ. ಇನ್ನು ಕೆಲವು ದಿನಗಳಲ್ಲಿ ನಿನಗೂ ಕಚೇರಿಯಿಂದ ಕರೆ ಬರುತ್ತದೆ, ಹೋಗು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಬೇಕಾಗುತ್ತದೆ, ಆ ಭಾರವನ್ನೂ ನಿನ್ನ ಮೇಲೆ ಹೊರಿಸಲಾರೆ. ಒಂದೇ ಮಾತು ನಡೆಸಿಕೊಡು. ಆ ಶನಿವಾರ ಹೋಗು. ಇಪ್ಪತ್ತೆರಡು ಹುಡುಗಿಯರ ಮುಂದೆ ನನ್ನಿಂದ ತಪ್ಪಾಯಿತು ಎಂದು ಮಾತ್ರ ಹೇಳಬೇಡ. ಆಟೋದಲ್ಲಿ ನನಗೆ ಹೇಳಿದ ಹಾಗೆ ಅವರಿಗೆ ಪಾಠ ಹೇಳು. ಬೇರೆಯವರು ಇಳಿಸಿದ್ದೇನೆ ಎಂದರೂ ನೀವೇ ಹೋಗಿ ನೋಡಿ ಎಂದು ಹೇಳು. ಯಾಕೆ ಎಂದು ಕೇಳಿದರೆ ನನ್ನ ಹೆಸರು ಹೇಳು. ನಾನು ಬಂದು ಕೂಡಬೇಕೋ ಬಾರದೋ ನೀನೇ ತಿಳಿಸು. ತಿಳಿಸದಿದ್ದರೆ ಬರುವುದಿಲ್ಲ.

ಚಳಿಯಲ್ಲಿ ಸೊಂಟಕ್ಕೆ ಬಿಸಿನೀರಿನ ಶಾಖ ಬಿಡಬೇಡ.

‘ನಿನ್ನವಳು’ ಎಂದು ಬರೆದು ಹೊಡೆದುಹಾಕಿದ
ಸುಮಂಗಲಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಸ್ವಿಚ್ಚು ಇಳಿದೇ ಇತ್ತು ಎಂದು ಮೇಲೆ ಬರೆದೆ, ಅದು ಹೇಗೆ ಇಳಿಯಿತೆಂದು ಬರೆಯಲಿಲ್ಲ. ಮರಾಠಿ ಹೇಳಿಕೆಯಲ್ಲಿ ಬರೆದಿದ್ದೇನೆ. ಕಚೇರಿಯವರು ಓದಿ ಹೇಳುವ ಮೊದಲು ನೀನು ನನ್ನಿಂದಲೇ ತಿಳಿಯಬೇಕು. ನೀನು ಬಿದ್ದ ಮೇಲೆ ನಾನು ಮೊದಲು ಕೆಳಗೆ ಓಡಿ ಬರಲಿಲ್ಲ. ಪ್ಯಾನಲ್ಲುಗಳ ಕೆಳಗೆ ನುಸುಳಿ ಆ ಪೆಟ್ಟಿಗೆಗೆ ಹೋಗಿ ಸ್ವಿಚ್ಚು ಇಳಿಸಿದೆ, ಆಮೇಲೆ ಬಂದೆ. ಮತ್ತೆ ಯಾರಿಗೂ ಶಾಕ್ ಹೊಡೆಯಬಾರದೆಂದು ಇಳಿಸಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ತಾರಸಿಯ ಮೇಲೆ ನನ್ನ ಹೊರತು ಬೇರೆ ಯಾರೂ ಇರಲಿಲ್ಲ. ಕೆಳಗೆ ಹಿತ್ತಿಲಲ್ಲಿ ನೀನು ನನ್ನ ಹೆಸರು ಹಿಡಿದು ಕರೆಯುತ್ತಿದ್ದೆ. ಜಲಜಾಕ್ಷಮ್ಮ ಬಂದು ಮುಟ್ಟಿದಾಗ ಅವರನ್ನೇ ನಾನೆಂದು ತಿಳಿದು, ‘ಬಂದಿ ಸುಮಿ’ ಎಂದು ಸುಮ್ಮನಾದೆಯಂತೆ.